ಡೇರೆ ಹಾಕುವಾಗಲೇ ಆಡಬೇಕಾದ ಮಾತು

(ಬೆಳಗಾವಿಯಲ್ಲಿ ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಲವರು ಶನಿವಾರ ಬಂತು ಅಂದ್ರೆ ಡೇರೆ ಕಟ್ಟಿಕೊಂಡು ಖಾನಾಪುರ, ಜಾಂಬೋಟಿ ಕಡೆಗೆ ಹೊರಡುವವರು. ಇನ್ನು ಕೆಲವರು ವರ್ಷಕ್ಕೊಮ್ಮೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಯಲಲ್ಲಿ ಬಿಡಾರ ಹೂಡುವವರು. ನಿಮ್ಮಿಬ್ಬರಿಗೂ ಇವತ್ತಿನ ಮಾತು ಒಂದೇ. ಗೊತ್ತಿಲ್ಲದ ಜನರ ಪಕ್ಕದಲ್ಲಿ, ಗೋಡೆ ಇಲ್ಲದ ಜಾಗದಲ್ಲಿ ರಾತ್ರಿ ಕಳೆಯುವುದು ಹೇಗೆ?

ರಾತ್ರಿ ಗದ್ದಲದ ಬಗ್ಗೆ ಎಲ್ಲರಿಗೂ ಸಿಟ್ಟಿದೆ. ಪಕ್ಕದ ಗುಂಪು ಒಂದು ಗಂಟೆವರೆಗೆ ಹಾಡು ಹಾಕಿತು, ಕುಡಿದು ಕೂಗಾಡಿತು, ಕಾರಿನ ಬಾಗಿಲು ಬಡಿಯುತ್ತಲೇ ಇತ್ತು. ಇಂಥ ಕಥೆ ಯಾರ ಹತ್ತಿರ ಇಲ್ಲ ಹೇಳಿ? ಆದರೆ ಆ ಸಿಟ್ಟು ನಮಗೆ ಬರುವುದು ನಡುರಾತ್ರಿ. ಆ ಹೊತ್ತಿಗೆ ಮಾಡೋಕೆ ಏನೂ ಉಳಿದಿರುವುದಿಲ್ಲ. ಗದ್ದಲದ ಮಾತನ್ನು ಸಂಜೆಯೇ, ಡೇರೆ ಹಾಕುವಾಗಲೇ ಆಡಿ ಮುಗಿಸಬೇಕು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಸದ್ದಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇದು ಗೊತ್ತಾದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಮನೆಯ ಇಟ್ಟಿಗೆ ಗೋಡೆ ಹೊರಗಿನ ಸದ್ದನ್ನು 40 ಡೆಸಿಬೆಲ್‌ಗೂ ಜಾಸ್ತಿ ತಡೆಯುತ್ತದೆ. ಡೇರೆಯ ಬಟ್ಟೆ ಹೆಚ್ಚುಕಡಿಮೆ ಏನನ್ನೂ ತಡೆಯುವುದಿಲ್ಲ. ತಾಡಪತ್ರಿಯೂ ಅಷ್ಟೇ. ಕಣ್ಣಿಗೆ ಮರೆಯಾಯಿತು ಅಂದ ಕೂಡಲೇ ಕಿವಿಗೂ ಮರೆಯಾಯಿತು ಅಂತ ನಮ್ಮ ಮನಸ್ಸು ನಂಬಿಬಿಡುತ್ತದೆ. ಅದಕ್ಕೇ ಡೇರೆಯೊಳಗೆ ಕೂತು ಮನೆಯ ಜಗಳ, ಸಾಲದ ಮಾತು, ಯಾರದೋ ಮದುವೆ ಮುರಿದ ಸುದ್ದಿ ಎಲ್ಲ ಮಾತಾಡುತ್ತೇವೆ. ಪಕ್ಕದವರು ಬೇಡ ಅಂದರೂ ಎಲ್ಲವನ್ನೂ ಕೇಳಿಸಿಕೊಂಡು ಮಲಗಿರುತ್ತಾರೆ.

ಇನ್ನು ದೂರ. ಬಯಲಲ್ಲಿ ಒಂದೇ ಕಡೆಯಿಂದ ಬರುವ ಸದ್ದು, ದೂರ ಎರಡು ಪಟ್ಟು ಆದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಾವು ಮಾಮೂಲಿಯಾಗಿ ಮಾತಾಡುವುದು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. 2 ಮೀಟರ್‌ಗೆ 54, 4 ಮೀಟರ್‌ಗೆ 48, 8 ಮೀಟರ್‌ಗೆ 42. ಅಂದರೆ ಎರಡು ಡೇರೆ ಆಚೆಯವರು ಸುಮ್ನೆ ಮಾತಾಡಿದರೂ ನಿಮಗೆ ಕೇಳುತ್ತದೆ. ಅವರದೇನೂ ತಪ್ಪಿಲ್ಲ.

ಈಗ ಕೈಯಲ್ಲಿ ಹಿಡಿಯುವ ಒಂದು ಬ್ಲೂಟೂತ್ ಸ್ಪೀಕರ್ ತೊಗೊಳ್ಳಿ. ಒಂದು ಮೀಟರ್‌ನಲ್ಲಿ ಅದು 90 ಡೆಸಿಬೆಲ್ ಕೊಡುತ್ತಿದೆ ಅಂತಿಟ್ಟುಕೊಳ್ಳಿ. 16 ಮೀಟರ್ ದೂರ ಹೋದರೆ 66. 64 ಮೀಟರ್ ದೂರ ಹೋದರೂ 54. ಸುಮಾರು ಕಾಲು ಕಿಲೋಮೀಟರ್ ದಾಟಿದ ಮೇಲೆ ಅದು 42ಕ್ಕೆ ಇಳಿಯುತ್ತದೆ. ಜನವಸತಿ ಇರುವ ಕಡೆ ರಾತ್ರಿ 45 ಡೆಸಿಬೆಲ್ ಮೀರಬಾರದು ಅಂತ ನಮ್ಮ ಕಾನೂನು ಹೇಳುತ್ತದೆ. ಮಲಗುವ ಕೋಣೆಯೊಳಗೆ ರಾತ್ರಿ ಆಗಾಗ 45 ಡೆಸಿಬೆಲ್ ದಾಟುವ ಸದ್ದು ಬಂದರೆ ಒಳ್ಳೆ ನಿದ್ದೆ ಆಗಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಒಂದು ಸಣ್ಣ ಡಬ್ಬಿ ನೂರೈವತ್ತು ಮೀಟರ್‌ಗೂ ಜಾಸ್ತಿ ಸುತ್ತಿನ ಎಲ್ಲರ ನಿದ್ದೆ ಕೆಡಿಸಬಲ್ಲದು. ನಾಲ್ಕು ಗಿಡ ಮರ ನಡುವೆ ಇದ್ದರೆ ತಡೆಯುತ್ತದೆ ಅಂದುಕೊಳ್ಳಬೇಡಿ. ತೆಳು ಮರದ ಸಾಲನ್ನು ಸದ್ದು ಲೆಕ್ಕಕ್ಕೇ ತೊಗೊಳ್ಳುವುದಿಲ್ಲ.

ರಾತ್ರಿ ಇದು ಇನ್ನೂ ಜಾಸ್ತಿಯಾಗುತ್ತದೆ. ಹಗಲು ನೆಲ ಕಾದಿರುತ್ತದೆ, ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಆಗ ಸದ್ದು ಕೆಳಕ್ಕೆ ಬಾಗುತ್ತದೆ, ದೂರ ಹರಿಯುತ್ತದೆ. ನೀರಿನ ದಂಡೆಯಲ್ಲಂತೂ ಕೇಳಲೇಬೇಡಿ. ರಾಕಸಕೊಪ್ಪದ ಹತ್ತಿರವೋ ಹಿಡಕಲ್ ಹಿನ್ನೀರಿನ ಹತ್ತಿರವೋ ರಾತ್ರಿ ನಿಂತು ನೋಡಿ, ಆಚೆ ದಂಡೆಯ ಮಾತು ಈಚೆಗೆ ಕೇಳುತ್ತದೆ. ಹಗಲಿನ ಬೇರೆ ಸದ್ದುಗಳೂ ಅಡಗಿರುತ್ತವೆ. ಸಂಜೆ ಆರಕ್ಕೆ ಯಾರಿಗೂ ತೊಂದರೆ ಕೊಡದ ಅದೇ ಹಾಡು, ಅಷ್ಟೇ ವಾಲ್ಯೂಮ್ ಇದ್ದರೂ, ಹನ್ನೊಂದಕ್ಕೆ ಎಲ್ಲರನ್ನೂ ಎಬ್ಬಿಸುತ್ತದೆ. ಹಾಡು ಹಾಕಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರು ಸ್ಪೀಕರ್ ಮುಟ್ಟಿಯೇ ಇಲ್ಲವಲ್ಲ!

ಇನ್ನೊಂದು ವಿಷಯ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯ ಇದನ್ನು ನೂರು ವರ್ಷಕ್ಕೂ ಹಿಂದೆ ಗಮನಿಸಿ ಬರೆದ. ಜನ ಕಿಕ್ಕಿರಿದ ಡೇರೆ ಜಾಗದಲ್ಲಿ ಆಗುವುದು ಇದೇ. ಒಬ್ಬರು ಜನರೇಟರ್ ಹಚ್ಚುತ್ತಾರೆ. ಅದರ ಪಕ್ಕದವರು ಸ್ವಲ್ಪ ಜೋರಾಗಿ ಮಾತಾಡುತ್ತಾರೆ. ಆ ಮಾತು ಮೀರಿ ಹಾಡು ಕೇಳಬೇಕು ಅಂತ ಮೂರನೆಯವರು ಸ್ಪೀಕರ್ ಏರಿಸುತ್ತಾರೆ. ನಾಲ್ಕನೆಯವರು ಮಕ್ಕಳನ್ನು ಕೂಗಿ ಕರೆಯುತ್ತಾರೆ. ಒಂಬತ್ತು ಗಂಟೆ ಹೊತ್ತಿಗೆ ಇಡೀ ಬಯಲು ಕೂಗಾಡುತ್ತಿರುತ್ತದೆ. ಯಾರನ್ನು ಕೇಳಿದರೂ 'ನಾವಲ್ರೀ, ಅವರು ಶುರು ಮಾಡಿದ್ದು' ಅಂತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಅದಕ್ಕೇ ನಾನು ಜನರೇಟರ್ ಬಗ್ಗೆ ಇಷ್ಟು ಹೇಳುವುದು. ಮೊದಲ ಸದ್ದು ತಡೆದರೆ ಉಳಿದ ಎಷ್ಟೋ ಸದ್ದು ಹುಟ್ಟುವುದೇ ಇಲ್ಲ.

ಈಗ ಗುಡ್ಡಕ್ಕೆ ಬರೋಣ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಎಷ್ಟು ಜನ ಸೇರುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಚಕ್ಕಡಿಯಲ್ಲಿ, ಟ್ರ್ಯಾಕ್ಟರ್‌ನಲ್ಲಿ, ಬಸ್ಸಿನಲ್ಲಿ, ನಡೆದುಕೊಂಡು ಬರುತ್ತಾರೆ. ಬಯಲಲ್ಲೇ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ, ದೇವಿಗೆ ನೈವೇದ್ಯದ ಪಡ್ಡಲಗಿ ತುಂಬಿಸಿ, ಅಲ್ಲೇ ಮಲಗುತ್ತಾರೆ. ಡೇರೆ ಹಾಕಿ ಮಲಗುವುದು ಈಗಿನವರ ಹೊಸ ಖಯಾಲಿ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಈ ನಾಡಿನ ಜನ ಅದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ನಾವು ಕಲಿಯಬೇಕಾದದ್ದು ಅವರಿಂದಲೇ.

ಆ ಬಿಡಾರಗಳಲ್ಲಿ ಸದ್ದು ಇಲ್ಲವೇ? ಬೇಕಾದಷ್ಟಿದೆ. 'ಉಧೋ ಉಧೋ' ಅನ್ನುವ ಕೂಗು, ಚೌಡಿಕೆ, ಎತ್ತಿನ ಕೊರಳ ಗಂಟೆ, ಒಲೆ ಊದುವವರ ಕೆಮ್ಮು, ಕಳೆದುಹೋದ ಮಗುವನ್ನು ಹುಡುಕುವ ಕೂಗು. ಇದ್ಯಾವುದನ್ನೂ ನಾನು ಗದ್ದಲ ಅನ್ನುವುದಿಲ್ಲ. ಜನ ಅಲ್ಲಿಗೆ ಬಂದಿರುವುದೇ ಅದಕ್ಕೆ. ಚೌಡಿಕೆ ಹಿಡಿದವರು ದಣಿಯುತ್ತಾರೆ, ನೀರು ಕುಡಿಯುತ್ತಾರೆ, ಮಲಗುತ್ತಾರೆ. ಕೈಯಿಂದ ಬಾರಿಸುವ, ಗಂಟಲಿನಿಂದ ಬರುವ ಸದ್ದಿಗೆ ಒಂದು ಕೊನೆ ಇರುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟಿಕೊಂಡು ಬರುವ ಡಾಲ್ಬಿಗೆ, ಅಂದರೆ ಆ ದೊಡ್ಡ ಸ್ಪೀಕರ್‌ಗಳಿಗೆ, ದಣಿವಿಲ್ಲ. ಹಚ್ಚಿದವನು ನಿದ್ದೆ ಹೋದರೂ ಅದು ಹಾಡುತ್ತಲೇ ಇರುತ್ತದೆ.

ಹಳೆಯ ಬಿಡಾರದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಪದ್ಧತಿ ಇದೆ. ಚಕ್ಕಡಿ ಬಿಚ್ಚುವ ಮೊದಲೇ ಪಕ್ಕದ ಬಿಡಾರದವರನ್ನು ಮಾತಾಡಿಸುತ್ತಾರೆ. 'ಯಾವೂರ್ರಿ ನಿಮ್ದು? ನಾವು ಇಲ್ಲೇ ಹೂಡ್ತೀವಿ, ನಿಮಗ ಅಡ್ಡಾಗೂದಿಲ್ಲಲ್ರಿ?' ಇಷ್ಟೇ ಮಾತು. ಆಮೇಲೆ ನೀರಿನ ಕೊಡ ಕೊಟ್ಟು ತರುತ್ತಾರೆ, ರೊಟ್ಟಿಯ ಜೊತೆ ಗುರೆಳ್ಳು ಚಟ್ನಿ ಆಚೆಗೆ ಈಚೆಗೆ ಹೋಗುತ್ತದೆ. ಒಂದು ಬಿಡಾರದಲ್ಲಿ ಬಾಣಂತಿ ಇದ್ದಾಳೆ ಅಂತ ಸುತ್ತಲಿನ ಹತ್ತು ಬಿಡಾರಕ್ಕೆ ಕತ್ತಲಾಗುವ ಮೊದಲೇ ಗೊತ್ತಿರುತ್ತದೆ. ನಸುಕಿನಲ್ಲೆದ್ದು ಎಣ್ಣೆಹೊಂಡಕ್ಕೆ ಸ್ನಾನಕ್ಕೆ ಹೋಗುವವರು ಯಾರು ಅನ್ನುವುದೂ ಗೊತ್ತಿರುತ್ತದೆ. ಹೆಸರು, ಊರು ಗೊತ್ತಾದ ಮನುಷ್ಯನ ತಲೆಯ ಹತ್ತಿರ ನಿಂತು ಕೂಗಾಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಗೊತ್ತಿಲ್ಲದವನ ಹತ್ತಿರ ಅದು ಬಹಳ ಸುಲಭ.

ನಮ್ಮ ಈಗಿನ ಕ್ಯಾಂಪ್‌ಗಳಲ್ಲಿ ತಪ್ಪಿಹೋಗಿರುವುದು ಈ ಮಾತು. ನಾವು ಮೊಬೈಲ್‌ನಲ್ಲೇ ಬುಕ್ ಮಾಡುತ್ತೇವೆ, ಕಾರಿನಲ್ಲಿ ಇಳಿಯುತ್ತೇವೆ, ನಮ್ಮ ನಂಬರಿನ ಡೇರೆಗೆ ಹೋಗುತ್ತೇವೆ. ಪಕ್ಕದವರು ನಮಗೆ ಬರೀ ಒಂದು ಲೈಟು, ಒಂದು ಸದ್ದು.

ಖಾನಾಪುರ ಕಡೆ ಒಂದು ಸಲ ಹೀಗಾಯಿತು. ಜಾಗದ ಹೆಸರು ಬೇಡ. ನಮ್ಮ ಡೇರೆ ಪಕ್ಕದಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಅವರಾಚೆ ಕಾರುಗಳಲ್ಲಿ ಬಂದ ಹುಡುಗರ ಗುಂಪು. ಕಾರಿನ ಬಾಗಿಲೆಲ್ಲ ತೆಗೆದಿಟ್ಟು ಹಾಡು ಹಾಕಿದ್ದರು. ನಡುರಾತ್ರಿ ದಾಟಿದ ಮೇಲೆ ಆ ಅಜ್ಜ ಎದ್ದು ಹೋಗಿ ಬೈದರು. ಹುಡುಗರು ವಾಪಸ್ ಬೈದರು. ನೋಡಿಕೊಳ್ಳುವವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬೆಳಗ್ಗೆ ಅದೇ ಹುಡುಗರಲ್ಲಿ ಒಬ್ಬ ಆ ಅಜ್ಜಿಗೆ ಚಹಾ ತಂದುಕೊಟ್ಟು, 'ಆಯಿ, ನಿಮಗ ಅರಾಮಿಲ್ಲ ಅಂತ ನಮಗ ಗೊತ್ತಿರಲಿಲ್ರಿ' ಅಂದ. ಅವನ ಮುಖದಲ್ಲಿ ನಿಜವಾದ ನೋವಿತ್ತು. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಸಂಜೆ ಆರು ಗಂಟೆಗೆ ಅವನಿಗೆ ಯಾರೂ ಹೇಳಿರಲಿಲ್ಲ. ರಾತ್ರಿ ಒಂದಕ್ಕೆ ಅವನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಹೇಳುವವರೂ ಸಮಾಧಾನದಿಂದ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಕಾಡಿನ ಮಾತು ಬೇರೆ ಹೇಳಬೇಕು. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವುದು ಅದೇ ಕಾಡಿನಲ್ಲಿ. ಅಲ್ಲಿನ ಬಾರಾಪೇಡೆ ಗುಹೆಯ ಬಾವಲಿ ಜಗತ್ತಿನ ಪ್ರಾಣಿಶಾಸ್ತ್ರಜ್ಞರಿಗೆಲ್ಲ ಗೊತ್ತು. ರಾಟನ್ ಹೆಸರಿನ ಈ ಬಾವಲಿ ಈ ಒಂದೇ ಗುಹೆಯಲ್ಲಿ ಇರುವುದು ಅಂತ ಬಹಳ ವರ್ಷ ನಂಬಲಾಗಿತ್ತು. ಆಮೇಲೆ ಬೇರೆ ಕಡೆಯೂ ಸಿಕ್ಕಿತು, ಆದರೂ ಬಲು ಅಪರೂಪ. ಇಂಥ ಕಾಡಿನ ಅಂಚಿನಲ್ಲಿ ನಾವು ಡೇರೆ ಹಾಕುತ್ತೇವೆ. ಅಲ್ಲಿ ನಮ್ಮ ಪಕ್ಕದ ಬಿಡಾರ ಮನುಷ್ಯರದ್ದಷ್ಟೇ ಆಗಿರುವುದಿಲ್ಲ. ಗೂಬೆ ಎಲೆಯ ಕೆಳಗೆ ಓಡುವ ಇಲಿಯ ಸಪ್ಪಳ ಕೇಳಿ ಬೇಟೆಯಾಡುತ್ತದೆ. ಮಳೆಗಾಲದಲ್ಲಿ ಗಂಡು ಕಪ್ಪೆ ಕೂಗಿ ಹೆಣ್ಣನ್ನು ಕರೆಯುತ್ತದೆ. ಆ ಕೂಗು ನಮ್ಮ ಸ್ಪೀಕರ್ ಕೆಳಗೆ ಮುಚ್ಚಿಹೋದರೆ ಅದಕ್ಕೆ ಬೇರೆ ದಾರಿ ಇಲ್ಲ. ನಮ್ಮ ಮಜಾ ಒಂದು ರಾತ್ರಿಯದು, ಆ ಕಪ್ಪೆಗೆ ಸಿಗುವುದು ವರ್ಷದಲ್ಲಿ ಕೆಲವೇ ಮಳೆಯ ರಾತ್ರಿಗಳು. ಇದನ್ನು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಧಾಮದೊಳಗೆ ಪ್ರಾಣಿಗಳನ್ನು ಕೆಣಕಬಾರದು, ಕಸ ಹಾಕಬಾರದು ಅಂತ ಹೇಳುತ್ತದೆ. ಅರಣ್ಯ ಇಲಾಖೆ ಒಪ್ಪಿಗೆ ಕೊಟ್ಟ ಜಾಗ ಬಿಟ್ಟು ಬೇರೆಲ್ಲೂ ಡೇರೆ ಹಾಕಲೇಬೇಡಿ.

ಕಾನೂನಿನ ಮಾತು ಬಂತಲ್ಲ, ಅದನ್ನು ಬೇಗ ಮುಗಿಸುತ್ತೇನೆ. ನಮ್ಮ ಶಬ್ದ ಮಾಲಿನ್ಯ ನಿಯಮಗಳು ಬಂದಿದ್ದು 2000ರಲ್ಲಿ. ಅದರಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಜಾತ್ರೆ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆವರೆಗೆ ವಿನಾಯಿತಿ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಡೇರೆ ಜಾಗಗಳಲ್ಲೂ ರಾತ್ರಿ 10ರಿಂದ 6 ಗದ್ದಲ ಮಾಡಬಾರದು ಅನ್ನುವ ನಿಯಮವಿದೆ. ಮೋಟಾರು, ಜನರೇಟರ್, ಸ್ಪೀಕರ್ ಯಾವುದೇ ಇರಲಿ, ಹಗಲಲ್ಲೂ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಬಾರದು ಅಂತ ಅಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿಯೂ ಗದ್ದಲದ ದೂರು ಇದ್ದೇ ಇದೆ, ಅದಕ್ಕೇ ನಿಯಮ ಬಂದಿದ್ದು. ಆದರೆ ಕಾನೂನು ಕಾಡಿಗೆ ತಲುಪೋದು ತಡ. 112ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ, ಬರುವ ಹೊತ್ತಿಗೆ ರಾತ್ರಿ ಕಳೆದಿರುತ್ತದೆ. ಕಾನೂನಿನಿಂದ ನಮಗೆ ಸಿಗುವ ದೊಡ್ಡ ಉಪಕಾರ ಅಂದರೆ ಒಂದು ಹೊತ್ತು. 'ಹತ್ತು ಗಂಟೆ' ಅಂತ ಹೇಳೋಕೆ ನಮಗೆ ಆಧಾರ ಸಿಕ್ಕಿತು. ಅದು ನನ್ನ ಇಷ್ಟವೂ ಅಲ್ಲ, ನಿಮ್ಮ ಇಷ್ಟವೂ ಅಲ್ಲ, ಎಲ್ಲರಿಗೂ ಇರುವುದು.

ಹಾಗಾದರೆ ಸಂಜೆ ಏನು ಮಾತಾಡಬೇಕು? ಉಪದೇಶ ಬೇಡ. ಡೇರೆ ಹಾಕುವ ಮೊದಲು ಪಕ್ಕದವರ ಹತ್ತಿರ ಹೋಗಿ. ಕೈಯಲ್ಲಿ ಏನಾದರೂ ತಿನ್ನೋಕೆ ಇದ್ದರೆ ಒಳ್ಳೇದು. ಬೆಳಗಾವಿಯವರಿಗೆ ಕುಂದಾ ಇದೆಯಲ್ಲ. 'ಅಣ್ಣಾರ, ನಾವು ಬೆಳಗಾವಿಯವರು. ಜೊತೆಗೆ ಸಣ್ಣ ಕೂಸೈತ್ರಿ, ಒಂಬತ್ತಕ್ಕ ಮಲಗತೈತಿ. ನೀವು ಎಷ್ಟೊತ್ತಿನ ತನಕ ಕೂಡವ್ರು?' ಅಂತ ಕೇಳಿ. ಅವರು 'ಹನ್ನೊಂದು ಆಗ್ತೈತ್ರಿ' ಅಂದರೆ, 'ಹಂಗಾರ ಹತ್ತರ ನಂತರ ಹಾಡು ಬಂದ್ ಮಾಡಿ ಮಾತಷ್ಟೇ ಇಟ್ಕೋರಿ, ನಡೀತೈತಿ' ಅನ್ನಿ. ನಿಮ್ಮದೇ ದೊಡ್ಡ ಗುಂಪಾಗಿದ್ದರೆ ನೀವೇ ಮೊದಲು ಹೋಗಬೇಕು. 'ಇವತ್ತು ನಮ್ಮ ಗೆಳೆಯನ ಹುಟ್ಟಿದಹಬ್ಬ, ಹತ್ತರ ತನಕ ಸ್ವಲ್ಪ ಗಲಾಟಿ ಆಗ್ತದ್ರಿ, ಆಮ್ಯಾಲ ಇಲ್ಲ' ಅಂತ ಹೇಳಿ ಬನ್ನಿ. ಫೋನ್ ನಂಬರ್ ಕೊಟ್ಟು ಬನ್ನಿ. ರಾತ್ರಿ ಯಾರೂ ಕತ್ತಲಲ್ಲಿ ಎದ್ದು ಬಂದು ಬೈಯುವ ಕೆಲಸ ಉಳಿಯುವುದಿಲ್ಲ, ಒಂದು ಮೆಸೇಜ್ ಸಾಕು. ನಿಮ್ಮ ಗುಂಪಿನಲ್ಲಿ ಕುಡಿಯದ ಒಬ್ಬರಿಗೆ ಆ ಫೋನ್ ನೋಡುವ ಜವಾಬ್ದಾರಿ ಕೊಡಿ.

ಸಣ್ಣ ಸಣ್ಣ ವಿಷಯಗಳಿವೆ, ಅವು ಹಾಡಿಗಿಂತ ಜಾಸ್ತಿ ಕಾಡುತ್ತವೆ. ಕಾರಿನ ರಿಮೋಟ್ ಒತ್ತಿದಾಗ ಬರುವ ಹಾರ್ನ್. ನಸುಕಿನಲ್ಲಿ ಐದು ನಿಮಿಷಕ್ಕೊಮ್ಮೆ ಹೊಡೆದುಕೊಳ್ಳುವ ಅಲಾರಾಂ, ಅದನ್ನು ಇಟ್ಟವನು ಮಾತ್ರ ಗಾಢ ನಿದ್ದೆಯಲ್ಲಿರುತ್ತಾನೆ. ಬೇರೆಯವರ ಡೇರೆ ಮೇಲೆ ಬೀಳುವ ಟಾರ್ಚ್. ಬೆಳಗ್ಗೆ ಐದಕ್ಕೇ ಸೂರ್ಯ ಹುಟ್ಟುವುದನ್ನು ನೋಡೋಕೆ ಹೊರಡುವವರು ಕೂಗಿ ಕೂಗಿ ಗೆಳೆಯರನ್ನು ಎಬ್ಬಿಸುವುದು. ರಾತ್ರಿ ಶಾಂತವಾಗಿದ್ದವರೇ ನಸುಕಿನಲ್ಲಿ ಹೀಗೆ ಮಾಡುವುದನ್ನು ನೋಡಿದ್ದೇನೆ. ಬೆಳಗಿನ 6ರವರೆಗೂ ರಾತ್ರಿಯೇ ಅಂತ ಲೆಕ್ಕ.

ಕ್ಯಾಂಪ್ ನಡೆಸುವವರು ಯಾರಾದರೂ ಇಲ್ಲಿದ್ದರೆ ಅವರಿಗೆ ಒಂದು ಮಾತು. ಜನರ ನಡತೆಯ ಬಗ್ಗೆ ಬೋರ್ಡ್ ಹಾಕುವ ಮೊದಲು ನಿಮ್ಮ ಜಾಗದ ನಕ್ಷೆ ನೋಡಿ. 30 ಡೇರೆ ಹಿಡಿಸುವ ಕಡೆ 60 ಹಾಕಿದರೆ ಯಾರ ನಡತೆಯೂ ಚೆನ್ನಾಗಿರಲು ಸಾಧ್ಯವಿಲ್ಲ. ಜನರೇಟರ್ ಒಂದು ಮೂಲೆಯಲ್ಲಿರಲಿ, ಹತ್ತಕ್ಕೆ ನಿಲ್ಲಲಿ. ಗುಂಪಾಗಿ ಬರುವವರಿಗೆ ಒಂದು ಬದಿ, ಮಕ್ಕಳಿರುವವರಿಗೆ ಇನ್ನೊಂದು ಬದಿ ಕೊಡಿ, ನಡುವೆ ಅಡುಗೆ ಜಾಗ ಬರಲಿ. ಹತ್ತು ಗಂಟೆಗೆ ನಿಮ್ಮ ಮನುಷ್ಯನೊಬ್ಬ ಒಂದು ಸುತ್ತು ನಡೆಯಲಿ. ಅವನು ಬೈಯಬೇಕಾಗಿಲ್ಲ, ಕಾಣಿಸಿಕೊಂಡರೆ ಸಾಕು. ದುಡ್ಡು ತೆಗೆದುಕೊಂಡ ಮೇಲೆ ರಾತ್ರಿ ಫೋನ್ ಎತ್ತುವುದೂ ನಿಮ್ಮ ಕೆಲಸವೇ.

ಈಗ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ನಾವು ಹುಡುಗಿಯರೇ ಹೋಗಿರ್ತೀವಿ. ಕುಡಿದು ಗಲಾಟೆ ಮಾಡೋ ಗಂಡಸರ ಹತ್ತಿರ ಹೋಗಿ ಮಾತಾಡೋದು ಹೇಗೆ?'

ಹೋಗಬೇಡಿ, ತಾಯಿ. ನಾನು ಹೇಳಿದ್ದು ಸಂಜೆಯ ಮಾತು, ಬೆಳಕಿರುವಾಗ, ಎಲ್ಲರೂ ಎಚ್ಚರವಿರುವಾಗ. ಕುಡಿದ ಗುಂಪಿನ ಹತ್ತಿರ ರಾತ್ರಿ ಹೆಣ್ಣುಮಕ್ಕಳಷ್ಟೇ ಅಲ್ಲ, ಯಾರೂ ಒಬ್ಬರೇ ಹೋಗಬಾರದು. ಸಂಜೆ ಅವರನ್ನು ನೋಡಿದಾಗಲೇ ಸರಿ ಅನ್ನಿಸದಿದ್ದರೆ ಜಾಗ ಬದಲಿಸಿಕೊಡಿ ಅಂತ ನೋಡಿಕೊಳ್ಳುವವರನ್ನು ಕೇಳಿ. ಸಂಕೋಚ ಬೇಡ. ಡೇರೆಯನ್ನು ಮಕ್ಕಳಿರುವ ಮನೆಯವರ ಪಕ್ಕದಲ್ಲಿ ಹಾಕಿಕೊಳ್ಳಿ. ರಾತ್ರಿ ಭಯ ಅನ್ನಿಸಿದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ, ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ 1926ಕ್ಕೂ ಮಾಡಿ. ಕೆಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಹಗಲಲ್ಲೇ ಎಲ್ಲಿ ಸಿಗುತ್ತದೆ ಅಂತ ನೋಡಿಟ್ಟುಕೊಳ್ಳಿ.

ಹಿರಿಯರೊಬ್ಬರು ಕೇಳಿದರು: 'ಜಾತ್ರಿ ಅಂದಮ್ಯಾಲ ಗದ್ದಲ ಇರೂದರೀ. ಅದನ್ನೂ ಬ್ಯಾಡ ಅಂದ್ರ ಜಾತ್ರಿ ಹ್ಯಾಂಗ?'

ಜಾತ್ರೆಯ ಗದ್ದಲ ಇರಲಿ, ಕಾಕಾ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಬೆಳಗಿನ ತನಕ ಕಂಪನಿ ನಾಟಕ ನಡೆಯುತ್ತದೆ, ನೋಡಬೇಕು ಅನ್ನುವವರು ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕೂರುತ್ತಾರೆ. ಅದಕ್ಕೊಂದು ಜಾಗ ಇದೆ. ನಾನು ಕೇಳುವುದು ಮಲಗುವ ಬಿಡಾರಗಳ ನಡುವೆ ಡಾಲ್ಬಿ ಬೇಡ ಅಂತ ಮಾತ್ರ. ದೇವಿಗೆ ಅಂತ ನಡೆದು ಬಂದು ಕಾಲು ಊದಿಸಿಕೊಂಡ ಹೆಣ್ಣುಮಗಳು ಅಲ್ಲೇ ನೆಲದ ಮೇಲೆ ಮಲಗಿರುತ್ತಾಳೆ.

ಕೊನೆಗೆ ಒಬ್ಬ ತಾಯಿ, ತನ್ನ ಮಗು ರಾತ್ರಿಯೆಲ್ಲ ಅಳುತ್ತದೆ, ಅದಕ್ಕೇ ಕ್ಯಾಂಪಿಗೆ ಹೋಗೋಕೆ ಹೆದರಿಕೆ ಅಂದರು. ದಯವಿಟ್ಟು ಹೋಗಿ ಅಂತ ನಾನು ಅಂದೆ. ಕೂಸು ಅತ್ತರೆ ಯಾರೂ ನಿಮ್ಮ ಮೇಲೆ ಸಿಟ್ಟಾಗಬಾರದು, ಆದವರಿಗೆ ನಾವೇ ಹೇಳುತ್ತೇವೆ. ಸಂಜೆ ಪಕ್ಕದವರಿಗೆ ಕೂಸನ್ನು ಒಂದು ಸಲ ಎತ್ತಿ ತೋರಿಸಿ ಬನ್ನಿ. ಆಮೇಲೆ ಸಭೆಯಲ್ಲಿದ್ದ ಹುಡುಗರೇ ಅವರ ಹತ್ತಿರ ಹೋಗಿ, ಮುಂದಿನ ಸಲ ಹೊರಡುವಾಗ ಹೇಳಿ ಅಂತ ನಂಬರ್ ತೆಗೆದುಕೊಂಡರು.